ಜಿರಳೆಗೆ ಬುದ್ಧಿ ಬಂದಿಲ್ಲ, ಉಳಿದಿರುವ ಜಿರಳೆಗಳೇ ಬೇರೆ

ಪ್ರಶ್ನೆ: ಮುಂಬಯಿಯ ಘಾಟ್‌ಕೋಪರಿನಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್. ಎರಡು ವರ್ಷದ ಹಿಂದೆ ಅಡುಗೆಮನೆಗೆ ಜಿರಳೆಯ ಜೆಲ್ ಹಾಕಿಸಿದಾಗ ಒಂದೇ ವಾರದಲ್ಲಿ ಎಲ್ಲ ಮಾಯವಾಗಿದ್ದವು. ನಾಲ್ಕು ತಿಂಗಳಿಗೊಮ್ಮೆ ಅದನ್ನೇ ಹಾಕಿಸುತ್ತ ಬಂದೆವು. ಈಗ ಜೆಲ್ ಚುಕ್ಕೆಯ ಪಕ್ಕದಲ್ಲೇ ಓಡಾಡುತ್ತವೆ, ಬಾಯಿ ಹಾಕುವುದಿಲ್ಲ. ಔಷಧಿ ಹೊಡೆಯುವ ಹುಡುಗ ‘ಇವಕ್ಕೆ ಅಭ್ಯಾಸವಾಗಿದೆ, ಬುದ್ಧಿ ಬಂದಿದೆ, ಡೋಸ್ ಎರಡು ಪಟ್ಟು ಮಾಡಿ ಮೇಲಿಂದ ಸ್ಪ್ರೇ ಹೊಡೆಯೋಣ’ ಎನ್ನುತ್ತಾನೆ. ಹತ್ತನೆಯ ತರಗತಿಯ ಮಗಳು ಪುಸ್ತಕ ತೆರೆದು ‘ಇದು ವಿಕಾಸ ಅಮ್ಮ’ ಎನ್ನುತ್ತಾಳೆ. ಅದನ್ನು ಕೇಳಿ ನನ್ನ ಮಾವನವರು ‘ಮಂಗನಿಂದ ಮಾನವ ಬಂದದ್ದು ನಿಜವಾದರೆ ಇವತ್ತಿನ ಮಂಗಗಳು ಯಾಕೆ ಇನ್ನೂ ಮಂಗಗಳಾಗಿವೆ’ ಎಂದು ಸಿಟ್ಟಾದರು. ಯಾರ ಮಾತು ಸರಿ? ಎರಡು ಪಟ್ಟು ಔಷಧಿ ಹೊಡೆಸಲೇ? ಇನ್ನೊಂದು ಚಿಂತೆ. ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ನಮ್ಮ ಕೆಲಸದ ಹುಡುಗನೊಬ್ಬ ಎರಡು ತಿಂಗಳಾದ ಮೇಲೆ ‘ಮೈ ಚೆನ್ನಾಗಿದೆ’ ಎಂದು ಬಿಟ್ಟುಬಿಟ್ಟಿದ್ದಾನೆ. ಅದೂ ಇದೇ ಕಥೆ ಎನ್ನುತ್ತಾಳೆ ಮಗಳು. ಹೌದೇ?

ಉತ್ತರ: ನಿಮ್ಮ ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಆ ಹುಡುಗನನ್ನು ಇವತ್ತೇ, ಮಧ್ಯಾಹ್ನದ ಊಟದ ಗಡಿಬಿಡಿ ಮುಗಿಯುತ್ತಿದ್ದಂತೆ, ಮಾತ್ರೆ ಕೊಟ್ಟ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ. ನಿಮ್ಮ ಮಗಳು ಹೇಳಿದ್ದು ನಿಜ, ಅದೂ ಇದೇ ಕಥೆ. ಯಾಕೆಂದು ತಿಳಿಯಲು ಜಿರಳೆಯ ಕಥೆ ಮುಗಿಯಬೇಕು, ಆದರೆ ಅವನು ಅಲ್ಲಿಯವರೆಗೆ ಕಾಯುವುದು ಬೇಡ.

ನಾನು ಕೀಟಶಾಸ್ತ್ರ ಓದಿದವನು. ಮೂವತ್ತು ವರ್ಷ ಮುಂಬಯಿಯ ಹೋಟೆಲು, ಕ್ಯಾಂಟೀನು, ಬೇಕರಿಗಳಲ್ಲಿ ಟಾರ್ಚ್ ಹಿಡಿದು ಮಂಡಿಯೂರಿ ಕುಳಿತಿದ್ದೇನೆ. ‘ಜಿರಳೆಗೆ ಬುದ್ಧಿ ಬಂದಿದೆ’ ಎಂದವರು ಕಂಡದ್ದು ಸುಳ್ಳಲ್ಲ. ಜಿರಳೆ ಜೆಲ್ ಹತ್ತಿರ ಬರುತ್ತದೆ, ಮೀಸೆ ಆಡಿಸುತ್ತದೆ, ಒಮ್ಮೆ ಬಾಯಿ ತಾಗಿಸುತ್ತದೆ, ಕಾದ ಕಾವಲಿ ಮುಟ್ಟಿದಂತೆ ಹಿಂದಕ್ಕೆ ಸರಿಯುತ್ತದೆ. ನೋಡಿದವರಿಗೆ ಅದು ವಿಷವನ್ನು ಗುರುತು ಹಿಡಿಯಿತೆಂದೇ ತೋರುತ್ತದೆ. ಕಂಡದ್ದು ಸರಿ, ಕೊಟ್ಟ ಕಾರಣ ಮಾತ್ರ ತಪ್ಪು.

ನಮ್ಮ ಭಾಷೆಯಲ್ಲಿ ‘ಒಗ್ಗುವುದು’ ಎನ್ನುತ್ತೇವಲ್ಲ, ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ. ಕುಂದಾಪುರದಿಂದ ಬಂದ ಹುಡುಗನಿಗೆ ಮೊದಲ ತಿಂಗಳು ಮುಂಬಯಿಯ ನೀರು ಒಗ್ಗುವುದಿಲ್ಲ, ಮೂರನೆಯ ತಿಂಗಳಿಗೆ ಒಗ್ಗುತ್ತದೆ. ಅಲ್ಲಿ ಬದಲಾದದ್ದು ಆ ಒಬ್ಬ ಹುಡುಗನ ದೇಹ. ಊರಲ್ಲಿ ಹುಟ್ಟುವ ಅವನ ಮಗ ಮುಂಬಯಿಗೆ ಬಂದರೆ ಮತ್ತೆ ಮೊದಲಿನಿಂದ ಒಗ್ಗಿಸಿಕೊಳ್ಳಬೇಕು. ನಿಮ್ಮ ಅಡುಗೆಮನೆಯಲ್ಲಿ ನಡೆದದ್ದು ಇಂಥ ಒಗ್ಗುವಿಕೆ ಅಲ್ಲ. ಒಂದೇ ಒಂದು ಜಿರಳೆಯೂ ಬದಲಾಗಿಲ್ಲ. ಜೆಲ್ ತಿನ್ನುವಂಥವು ತಿಂದು ಸತ್ತವು. ತಿನ್ನದಂಥವು ಮೊದಲಿನಿಂದಲೂ ಅಲ್ಲೊಂದು ಇಲ್ಲೊಂದು ಇದ್ದವು. ಅವು ಉಳಿದವು, ಮರಿ ಹಾಕಿದವು. ಈಗ ನೀವು ನೋಡುತ್ತಿರುವುದು ಅವುಗಳ ಸಂತಾನವನ್ನು.

ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ, ಜೋಳದ ಪಾಕದ ಸಿಹಿ ಬೆರೆಸಿದ ವಿಷದ ತುತ್ತನ್ನು ಜಿರಳೆಗಳು ಇದ್ದಕ್ಕಿದ್ದಂತೆ ಮೂಸದಾದವು. ಜೂಲ್ಸ್ ಸಿಲ್ವರ್‌ಮನ್ ಎಂಬ ಕೀಟತಜ್ಞರು ಆ ತುತ್ತಿನ ಒಂದೊಂದು ಪದಾರ್ಥವನ್ನೂ ಬಿಡಿಬಿಡಿಯಾಗಿ ಇಟ್ಟು ನೋಡಿದರು. ಜಿರಳೆಗಳು ದೂರವಿಟ್ಟದ್ದು ವಿಷವನ್ನಲ್ಲ, ಗ್ಲೂಕೋಸನ್ನು. ವಿಷವಿಲ್ಲದ ಬರಿಯ ಗ್ಲೂಕೋಸನ್ನೂ ಅವು ಒಲ್ಲೆ ಎಂದವು, ಹಣ್ಣಿನ ಸಕ್ಕರೆಯಾದ ಫ್ರಕ್ಟೋಸನ್ನು ಮಾತ್ರ ಚೆನ್ನಾಗಿ ತಿಂದವು. ಆ ಗುಣ ಮರಿಗಳಿಗೂ ಇಳಿಯುತ್ತಿತ್ತು. ಇದು 1993ರಲ್ಲಿ ಪ್ರಕಟವಾಯಿತು. ಇಪ್ಪತ್ತು ವರ್ಷಗಳ ನಂತರ, 2013ರಲ್ಲಿ, ಸಿಲ್ವರ್‌ಮನ್ ಅವರೂ ಅಯಾಕೊ ವಾಡಾ ಕಟ್ಸುಮಾಟಾ, ಕೋಬಿ ಶಾಲ್ ಅವರೂ ಸೇರಿ ಜಿರಳೆಯ ಬಾಯಿಯ ರುಚಿನರಗಳನ್ನೇ ಪರೀಕ್ಷಿಸಿದರು. ಮಾಮೂಲು ಜಿರಳೆಯಲ್ಲಿ ಗ್ಲೂಕೋಸ್ ಸಿಹಿಯ ನರವನ್ನು ಎಚ್ಚರಿಸುತ್ತದೆ. ಈ ಜಿರಳೆಗಳಲ್ಲಿ ಅದು ಕಹಿಯ ನರವನ್ನೂ ಎಚ್ಚರಿಸುತ್ತಿತ್ತು. ಹಾಗಲಕಾಯಿ ರಸವನ್ನು ಮಗು ಉಗುಳುವುದಕ್ಕೆ ಬುದ್ಧಿ ಬೇಕಿಲ್ಲ, ನಾಲಿಗೆ ಸಾಕು. ಇಲ್ಲೂ ಅಷ್ಟೇ.

ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳು ವಿಷಯ ತಿಳಿಯಲೆಂದು ನಾನು ಇಟ್ಟುಕೊಂಡವು. ನಿಮ್ಮ ಅಡುಗೆಮನೆಯಲ್ಲಿ 1,000 ಜಿರಳೆಗಳಿದ್ದವು ಎನ್ನಿ. ಅವುಗಳಲ್ಲಿ 5ಕ್ಕೆ ಮಾತ್ರ ಗ್ಲೂಕೋಸ್ ಕಹಿ, ಅಂದರೆ 200ಕ್ಕೆ ಒಂದು. ಜೆಲ್ ಒಳ್ಳೆಯದೇ, ತಿನ್ನುವ ನೂರರಲ್ಲಿ 98ನ್ನು ಕೊಲ್ಲುತ್ತದೆ. ಉಳಿದ 995ರಲ್ಲಿ ಸುಮಾರು 20 ಬದುಕಿದವು, ಕಹಿಯ 5ಕ್ಕೆ ಏನೂ ಆಗಲಿಲ್ಲ. ಒಟ್ಟು 25. ನಿಮ್ಮ ಕಣ್ಣಿಗೆ ಅಡುಗೆಮನೆ ಖಾಲಿ, ‘ಮಾಯವಾದವು’ ಎಂದಿರಿ. ಆದರೆ 200ಕ್ಕೆ ಒಂದಿದ್ದದ್ದು ಈಗ 5ಕ್ಕೆ ಒಂದಾಗಿದೆ. ನಾಲ್ಕು ತಿಂಗಳಲ್ಲಿ ಅವು ಮತ್ತೆ 1,000 ಆದವು, ಅದೇ ಪ್ರಮಾಣದಲ್ಲಿ ಎಂದಿಟ್ಟುಕೊಂಡರೆ 200 ಕಹಿಯವು, 800 ಮಾಮೂಲು. ಅದೇ ಜೆಲ್ ಮತ್ತೆ ಹಾಕಿಸಿದಿರಿ. 800ರಲ್ಲಿ 16 ಉಳಿದವು, 200ಕ್ಕೆ 200ಊ ಉಳಿದವು. ಹುಡುಗ ಮೂರನೆಯ ಸಲ ಬಂದಾಗ ನೂರಕ್ಕೆ 93 ಜಿರಳೆಗಳು ಜೆಲ್ ಮುಟ್ಟದವೇ.

ಎರಡು ಸಲ ಹಾಕಿದ್ದು, ಅಷ್ಟೇ. ಎಲ್ಲಾದರೂ ಯಾವುದಾದರೂ ಜಿರಳೆ ಏನನ್ನಾದರೂ ಕಲಿಯಿತೇ? ಇಲ್ಲ. ತಲೆ ಎಣಿಕೆ ಬದಲಾಯಿತು.

ನಿಸರ್ಗದ ಆಯ್ಕೆ ಎನ್ನುವುದು ಇದನ್ನೇ. ಬೇಕಾದದ್ದು ಮೂರೇ. ಒಂದೇ ಜಾತಿಯ ಜೀವಿಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸ ಇರಬೇಕು, ಆ ವ್ಯತ್ಯಾಸ ಮರಿಗಳಿಗೆ ಇಳಿಯಬೇಕು, ಅದರಿಂದಾಗಿ ಕೆಲವಕ್ಕೆ ಉಳಿದವಕ್ಕಿಂತ ಹೆಚ್ಚು ಮರಿಗಳು ಉಳಿಯಬೇಕು. ಮೂರೂ ಕೂಡಿದಲ್ಲಿ ಬದಲಾವಣೆ ತಾನಾಗಿಯೇ ಆಗುತ್ತದೆ, ಯಾರೂ ಕುಳಿತು ಆರಿಸಬೇಕಿಲ್ಲ. ನೀವು ರವೆಯನ್ನು ಜರಡಿ ಹಿಡಿಯುತ್ತೀರಿ. ಜರಡಿ ಒಂದು ಕಾಳನ್ನೂ ಸಣ್ಣದು ಮಾಡುವುದಿಲ್ಲ. ದಪ್ಪದ್ದನ್ನು ಮೇಲೆ ನಿಲ್ಲಿಸುತ್ತದೆ, ಸಣ್ಣದ್ದನ್ನು ಕೆಳಗೆ ಬಿಡುತ್ತದೆ. ಆದರೂ ಕೆಳಗಿನ ಪಾತ್ರೆಯಲ್ಲಿ ಸಣ್ಣ ರವೆಯೇ ತುಂಬಿರುತ್ತದೆ. ನಿಮ್ಮ ಜೆಲ್ ಒಂದು ಜರಡಿ. ಚಾರ್ಲ್ಸ್ ಡಾರ್ವಿನ್ 1859ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಲು ಹೊರಟಾಗ ಮೊದಲು ಹಿಡಿದದ್ದು ಸಾಕುಪಾರಿವಾಳಗಳನ್ನು. ಅವರೇ ಅವುಗಳನ್ನು ಸಾಕಿದ್ದರು. ಬೀಸಣಿಗೆ ಬಾಲದ್ದು, ಉಬ್ಬಿದ ಎದೆಯದ್ದು ಎಲ್ಲವೂ ಬಂಡೆಗಳಲ್ಲಿ ಗೂಡು ಕಟ್ಟುವ ಒಂದೇ ಕಾಡುಪಾರಿವಾಳದಿಂದ, ಸಾಕುವವರು ತಲೆಮಾರುಗಟ್ಟಲೆ ಆರಿಸಿ ಆರಿಸಿ ಜೋಡಿ ಮಾಡಿದ್ದರಿಂದ ಬಂದವು ಎಂದು ತೋರಿಸಿದರು. ದಾದರಿನ ಕಟ್ಟಡಗಳ ಸಜ್ಜಾದ ಮೇಲೆ ಕುಳಿತಿರುತ್ತವಲ್ಲ, ಅದೇ ಜಾತಿ. ಆರಿಸುವ ಮನುಷ್ಯನನ್ನು ತೆಗೆದು ಆ ಜಾಗದಲ್ಲಿ ಚಳಿ, ಹಸಿವು, ರೋಗ, ವಿಷ ಇವುಗಳನ್ನು ಇಟ್ಟರೆ ಆಗುವುದೂ ಅದೇ ಕೆಲಸ ಎಂಬುದು ಅವರ ವಾದ.

‘ಔಷಧಿಯೇ ಜಿರಳೆಯ ಒಳಗೆ ಆ ಬದಲಾವಣೆ ತಂದಿರಬಹುದಲ್ಲ’ ಎಂದು ನಿಮ್ಮ ಮಗಳನ್ನು ಯಾರಾದರೂ ಕೇಳಿಯಾರು. ಒಳ್ಳೆಯ ಪ್ರಶ್ನೆ, ವಿಜ್ಞಾನಿಗಳೂ ಬಹಳ ಕಾಲ ಕೇಳಿಕೊಂಡದ್ದೇ. 1943ರಲ್ಲಿ ಸಾಲ್ವಡಾರ್ ಲೂರಿಯಾ, ಮ್ಯಾಕ್ಸ್ ಡೆಲ್‌ಬ್ರುಕ್ ಇಬ್ಬರೂ ಬ್ಯಾಕ್ಟೀರಿಯಾಗಳನ್ನು ಹಲವು ನಳಿಗೆಗಳಲ್ಲಿ ಬೇರೆ ಬೇರೆಯಾಗಿ ಬೆಳೆಸಿ, ಆಮೇಲೆ ಅವುಗಳನ್ನು ಕೊಲ್ಲುವ ವೈರಸ್ಸಿಗೆ ಒಡ್ಡಿದರು. ವೈರಸ್ ತಾಗಿದ್ದರಿಂದಲೇ ತಡೆದುಕೊಳ್ಳುವ ಶಕ್ತಿ ಹುಟ್ಟುವುದಾದರೆ ಪ್ರತಿ ನಳಿಗೆಯಲ್ಲೂ ಬದುಕಿದವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರಬೇಕು. ಹಾಗಾಗಲಿಲ್ಲ. ಹಲವು ನಳಿಗೆಗಳಲ್ಲಿ ಒಂದೂ ಇಲ್ಲ, ಕೆಲವಲ್ಲಿ ರಾಶಿ ರಾಶಿ. ಅಂದರೆ ಆ ನಳಿಗೆಗಳಲ್ಲಿ ವೈರಸ್ ಬರುವುದಕ್ಕೆ ಬಹಳ ಮೊದಲೇ, ಆಕಸ್ಮಿಕವಾಗಿ, ಅಂಥದೊಂದು ಹುಟ್ಟಿ ಸಂತಾನ ಬೆಳೆಸಿತ್ತು. ಈ ಕೆಲಸವೂ ಸೇರಿ ಇಬ್ಬರಿಗೂ 1969ರ ನೊಬೆಲ್ ಪ್ರಶಸ್ತಿ ಬಂತು.

‘ವಿಕಾಸ’ ಎಂಬ ಪದದ ಬಗ್ಗೆಯೂ ನನಗೊಂದು ತಕರಾರಿದೆ. ಹೂವು ಅರಳುವುದಕ್ಕೆ ನಾವು ವಿಕಾಸ ಎನ್ನುತ್ತೇವೆ, ಅದರಲ್ಲಿ ಮೇಲೇರುವ, ಉತ್ತಮವಾಗುವ ಧ್ವನಿ ಇದೆ. ಜೀವಿಗಳ ವಿಕಾಸದಲ್ಲಿ ಆ ಧ್ವನಿ ಇಲ್ಲ. ಗ್ಲೂಕೋಸ್ ಕಹಿಯಾದ ಜಿರಳೆ ಉತ್ತಮ ಜಿರಳೆಯಲ್ಲ. ಗ್ಲೂಕೋಸ್ ಇರುವ ಆಹಾರದ ಮೇಲೆ ಬೆಳೆಸಿದರೆ ಅದರ ಮರಿ ನಿಧಾನವಾಗಿ ಬೆಳೆಯುತ್ತದೆ. ಸಂಸಾರದಲ್ಲೂ ಅದಕ್ಕೆ ತೊಂದರೆ. ಗಂಡು ಜಿರಳೆ ರೆಕ್ಕೆ ಎತ್ತಿ ಬೆನ್ನಿನ ಗ್ರಂಥಿಯಿಂದ ಸಿಹಿ ದ್ರವವೊಂದನ್ನು ಹೆಣ್ಣಿನ ಮುಂದಿಡುತ್ತದೆ, ಹೆಣ್ಣು ಅದನ್ನು ನೆಕ್ಕುತ್ತಿರುವಾಗ ಕೂಡುತ್ತದೆ. ಹೆಣ್ಣಿನ ಜೊಲ್ಲು ಆ ಸಿಹಿಯನ್ನು ಗ್ಲೂಕೋಸಾಗಿ ಒಡೆಯುತ್ತದೆ. ಗ್ಲೂಕೋಸ್ ಕಹಿಯಾದ ಹೆಣ್ಣಿಗೆ ವರನ ಉಡುಗೊರೆಯೇ ಬಾಯಲ್ಲಿ ಕಹಿಯಾಗಿ, ಅರ್ಧಕ್ಕೇ ಬಿಟ್ಟು ಹೋಗುತ್ತದೆ. ಇಂಥ ಸಂತತಿಯ ಗಂಡುಗಳಲ್ಲಿ ಈಗ ಬೇಗ ಒಡೆಯದ ಬೇರೆ ಸಕ್ಕರೆಯ ಪಾಲು ಹೆಚ್ಚಿದೆ, ಅವು ಕೂಡಲು ತೆಗೆದುಕೊಳ್ಳುವ ಹೊತ್ತೂ ಕಡಿಮೆಯಾಗಿದೆ. ಒಂದು ಜರಡಿಯ ಹಿಂದೆ ಇನ್ನೊಂದು ಜರಡಿ! ಇದನ್ನು ಮೊದಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಕೊಲ್ಲಲು ಹೊರಟ ಜೀವಿಯ ಮೇಲೆ ಗೌರವ ಹುಟ್ಟಿದ್ದು ಅಂದು.

ಜೆಲ್ ಒಲ್ಲದ ಈ ಗುಣಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದೇ ನಿಮಗೆ ಒಳ್ಳೆಯ ಸುದ್ದಿ. ಆ ಜೆಲ್ ಇಲ್ಲದ ಕಡೆ ಕಹಿನಾಲಿಗೆಯವಕ್ಕೆ ಲಾಭವಿಲ್ಲ, ನಷ್ಟವೇ. ಯಾವ ಔಷಧಿಗೂ ಎಂದೆಂದಿಗೂ ಬಗ್ಗದ ರಾಕ್ಷಸ ಜಿರಳೆ ಬಂದೀತೆಂದು ನೀವು ಹೆದರಬೇಕಿಲ್ಲ.

ಮಾವನವರ ಪ್ರಶ್ನೆಗೂ ಇದೇ ಜಿರಳೆ ಉತ್ತರ ಕೊಡುತ್ತದೆ. ನಿಮ್ಮ ಅಡುಗೆಮನೆಯದು ಬಹುತೇಕ ಜರ್ಮನ್ ಜಿರಳೆ ಎಂದು ಕರೆಯುವ ಸಣ್ಣದು. ಉದ್ದ ಒಂದೂವರೆ ಸೆಂಟಿಮೀಟರ್, ತಿಳಿಕಂದು, ತಲೆಯ ಹಿಂದೆ ಎರಡು ಕಪ್ಪು ಗೆರೆ. ಗಟಾರದಿಂದ ಬರುವ ಕೆಂಪು ದೊಡ್ಡದು ಬೇರೆ ಜಾತಿ. ಹೆಸರು ಜರ್ಮನಿಯದಾದರೂ ತವರು ಅಲ್ಲ. 17 ದೇಶಗಳ 281 ಜಿರಳೆಗಳ ವಂಶವಾಹಿಗಳನ್ನು ಹೋಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದು ಏಷ್ಯಾದ ಹೊಲಗದ್ದೆಗಳ ಒಂದು ಜಿರಳೆಯಿಂದ ಸುಮಾರು 2,100 ವರ್ಷಗಳ ಹಿಂದೆ, ಭಾರತ ಅಥವಾ ಮ್ಯಾನ್ಮಾರ್ ಭಾಗದಲ್ಲಿ, ಮನುಷ್ಯರ ಮನೆ ಸೇರಿ ಬೇರೆಯಾಯಿತು. ಹೊಲದ ಆ ಜಿರಳೆ ಇವತ್ತಿಗೂ ಇದೆ. ಅದು ಹಾರುತ್ತದೆ, ದೀಪಕ್ಕೆ ಬರುತ್ತದೆ. ಮನೆಯದು ಹಾರುವುದಿಲ್ಲ, ದೀಪ ಹಾಕಿದರೆ ಓಡುತ್ತದೆ. ಒಂದು ಕವಲು ಮನೆ ಸೇರಿತೆಂದು ಹೊಲದಲ್ಲಿ ಉಳಿದದ್ದು ಯಾಕೆ ಅಳಿಯಬೇಕು? ಮಾವನವರು ಮುಂಬಯಿಗೆ ಬಂದರೆಂದು ಊರಿನಲ್ಲಿ ಅವರ ದಾಯಾದಿಗಳು ಇಲ್ಲವಾದರೇ?

ಇಲ್ಲಿ ಅವರು ಎತ್ತಿದ ಮಾತಿಗೆ ಒಂದು ತಿದ್ದುಪಡಿಯೂ ಬೇಕು. ಇವತ್ತಿನ ಮಂಗನಿಂದ ಮನುಷ್ಯ ಬಂದ ಎಂದು ಜೀವಶಾಸ್ತ್ರ ಹೇಳುವುದಿಲ್ಲ. ನಾವೂ ಚಿಂಪಾಂಜಿಗಳೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜರಿಂದ ಕವಲೊಡೆದೆವು. ಊರಿನ ಮಂಗಗಳ ಜೊತೆಗಿನ ನೆಂಟಸ್ತಿಕೆ ಅದಕ್ಕಿಂತ ಬಹಳ ಹಳೆಯದು, ಎರಡು ಕೋಟಿ ವರ್ಷಕ್ಕೂ ಹಿಂದಿನದು. ಮಂಗ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ಅದು ಮನುಷ್ಯನಾಗುವ ದಾರಿಯಲ್ಲಿ ಅರ್ಧಕ್ಕೆ ನಿಂತಿಲ್ಲ, ತನ್ನ ದಾರಿಯಲ್ಲಿ ತಾನು ಇಲ್ಲಿಯವರೆಗೆ ಬಂದಿದೆ. ಮಾವನವರ ಸಿಟ್ಟಿನ ಹಿಂದೆ ‘ನಮ್ಮನ್ನು ಕೀಳು ಮಾಡುತ್ತಿದ್ದಾರೆ’ ಎಂಬ ನೋವು ಇರುತ್ತದೆ, ನಾನು ಹಿರಿಯರಲ್ಲಿ ಅದನ್ನು ಕಂಡಿದ್ದೇನೆ. ಅವರೊಡನೆ ವಾದ ಮಾಡಬೇಡಿ, ಈ ಜಿರಳೆಯ ಲೆಕ್ಕವನ್ನು ಮೊಮ್ಮಗಳಿಂದ ಹೇಳಿಸಿ.

ಇನ್ನು ಡೋಸ್. ದಯವಿಟ್ಟು ಎರಡು ಪಟ್ಟು ಮಾಡಿಸಬೇಡಿ. ಮೊದಲ ಕೆಲಸದಲ್ಲಿ ನಾನೇ ಮೇಲಿನವರ ಮಾತು ಕೇಳಿ ಲೋವರ್ ಪರೇಲಿನ ಒಂದು ಕ್ಯಾಂಟೀನಿನಲ್ಲಿ ಹಾಗೆ ಮಾಡಿದ್ದೆ. ರಾತ್ರಿ ಪಾಳಿಯ ಅಡುಗೆಯವರು ಕಣ್ಣು ಉರಿದು ಕೆಮ್ಮುತ್ತ ಹೊರಗೆ ಬಂದರು. ಜಿರಳೆಗಳು ಸಾಯುವ ಬದಲು ಚದುರಿ ಗೋಡೆಯಾಚೆಯ ಉಗ್ರಾಣ ಸೇರಿದವು, ಒಂದು ಕಡೆ ಇದ್ದ ಪಿಡುಗು ಎರಡು ಕಡೆ ಆಯಿತು. ಆ ಅಡುಗೆಯವರ ಮುಖ ಇವತ್ತಿಗೂ ನೆನಪಿದೆ. ಬಾಯಿಯೇ ಹಾಕದ ಜಿರಳೆಗೆ ಜೆಲ್‌ನಲ್ಲಿ ವಿಷ ಎಷ್ಟಿದ್ದರೇನು? ಮೇಲಿಂದ ಸ್ಪ್ರೇ ಹೊಡೆದರೆ ಅದರ ವಾಸನೆಗೆ ಜೆಲ್ ತಿನ್ನಬಹುದಾದವೂ ದೂರ ಹೋಗುತ್ತವೆ. ಅಂಗಡಿಯ ಸ್ಪ್ರೇಗಳಲ್ಲೂ ಜಿರಳೆಯ ಚಾಕ್‌ಗಳಲ್ಲೂ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಗುಂಪಿನ ವಿಷಗಳಿಗೆ ಈ ಜಾತಿಯಲ್ಲಿ ನಿರೋಧ, ಅಂದರೆ ಬಗ್ಗದಿರುವ ಗುಣ, ಈಗಾಗಲೇ ಜಗತ್ತಿನಾದ್ಯಂತ ಹಬ್ಬಿದೆ.

ಮೊದಲು ಒಂದು ಸಂಗತಿ ಖಚಿತ ಮಾಡಿಕೊಳ್ಳಿ. ಜೆಲ್ ಮುಟ್ಟದಿರುವುದಕ್ಕೆಲ್ಲ ವಿಕಾಸವೇ ಕಾರಣವಲ್ಲ. ಕಾವಲಿಯ ಎಣ್ಣೆ ಹೊಗೆ ಕುಳಿತು ಜೆಲ್ ಸಿಪ್ಪೆಗಟ್ಟಿರಬಹುದು, ಫಿನಾಯಿಲ್ ಬಟ್ಟೆ ಅದರ ಮೇಲೆ ಹಾದಿರಬಹುದು, ಅದಕ್ಕಿಂತ ರುಚಿಯಾದದ್ದು ಪಕ್ಕದಲ್ಲೇ ಚೆಲ್ಲಿರಬಹುದು. ರಾತ್ರಿ ಎಲ್ಲ ತೊಳೆದು ಒರೆಸಿದ ಮೇಲೆ ಎರಡು ಕಾಗದದ ತುಂಡುಗಳಲ್ಲಿ ಹಳೆಯ ಕಂಪನಿಯ ಹೊಸ ಜೆಲ್ ಒಂದು ಚುಕ್ಕೆ, ಬೇರೆ ಕಂಪನಿಯದು ಒಂದು ಚುಕ್ಕೆ ಇಡಿ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ಅರ್ಧ ಗಂಟೆ ನೋಡಿ. ಕೆಂಪು ಬೆಳಕು ಅವಕ್ಕೆ ಅಷ್ಟಾಗಿ ಕಾಣುವುದಿಲ್ಲ. ಒಂದನ್ನು ತಿಂದು ಇನ್ನೊಂದರಿಂದ ಹಿಂದೆ ಸರಿದರೆ ನಾಲಿಗೆಯ ಸಮಸ್ಯೆ. ಎರಡನ್ನೂ ತಿಂದು ವಾರ ಕಳೆದರೂ ಸಾಯದಿದ್ದರೆ ವಿಷವನ್ನೇ ಅರಗಿಸಿಕೊಳ್ಳುತ್ತಿವೆ.

ಹಾಗಾದರೆ ಜೆಲ್ ಬದಲಿಸಬೇಕು. ಬರಿಯ ಕಂಪನಿಯ ಹೆಸರು ಬದಲಿಸಿದರೆ ಸಾಲದು, ಡಬ್ಬಿಯ ಮೇಲಿನ ಸಕ್ರಿಯ ಪದಾರ್ಥದ ಹೆಸರು ಓದಿ: ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್, ಇಂಡಾಕ್ಸಾಕಾರ್ಬ್ ಹೀಗೆ ಏನಾದರೂ ಇರುತ್ತದೆ. ಹಿಂದಿನದು ಯಾವುದೆಂದು ಹುಡುಗನಿಂದ ಬರೆಸಿಟ್ಟುಕೊಳ್ಳಿ. ಆದರೆ ಬದಲಿಸುತ್ತಿದ್ದರೆ ಸಾಕೆಂದು ನಂಬಬೇಡಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಿಂಗಳಿಗೊಂದು ವಿಷ ಬದಲಿಸಿದರೂ ಜಿರಳೆಗಳ ಸಂಖ್ಯೆ ಇಳಿಯಲಿಲ್ಲ, ಏರದೆ ನಿಂತಿತು ಅಷ್ಟೇ. ಒಂದು ವಿಷವನ್ನು ತಡೆಯುವ ಗುಣವೇ ಇನ್ನೊಂದನ್ನೂ ತಡೆಯುವುದುಂಟು. ಬೋರಿಕ್ ಪುಡಿಗೆ ನಿರೋಧ ಬೆಳೆದದ್ದು ಕಡಿಮೆ, ಆದರೆ ಅದು ಒಣಗಿದ ಸಂದಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ನಿಧಾನ. ಹಿಟ್ಟಿನ ಡಬ್ಬಿಗಳ ಹತ್ತಿರ, ಮಕ್ಕಳ ಕೈಗೆ ಸಿಗುವಲ್ಲಿ ಅದು ಬೇಡವೇ ಬೇಡ, ನೋಡಲು ಸಕ್ಕರೆ ಪುಡಿಯಂತೆಯೇ ಇರುತ್ತದೆ.

ನಾನು ಹೆಚ್ಚು ನಂಬುವುದು ಸ್ಕ್ರೂಡ್ರೈವರನ್ನು. ರುಬ್ಬುವ ಯಂತ್ರದ ಕೆಳತಟ್ಟೆ ಬಿಚ್ಚಿಸಿ. ಮೋಟಾರಿನ ಬಿಸಿ, ಒಣಗಿದ ಉದ್ದಿನ ಹಿಟ್ಟಿನ ಚಕ್ಕೆಗಳು, ಅವುಗಳ ನಡುವೆ ಮೆಣಸಿನ ಪುಡಿ ಉದುರಿದಂಥ ಹಿಕ್ಕೆ ಕಾಣುತ್ತದೆ. ಅದು ಅವುಗಳ ಊರು. ಫ್ರಿಜ್ಜಿನ ಬಾಗಿಲ ರಬ್ಬರಿನ ಮಡಿಕೆ, ಸ್ಟೀಲ್ ಮೇಜಿನ ಟೊಳ್ಳು ಕಾಲು, ಸ್ವಿಚ್ ಬೋರ್ಡಿನ ಹಿಂಭಾಗ ಇವೂ ಅಷ್ಟೇ. ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಸಿ, ಬಿರುಕುಗಳನ್ನು ಮುಚ್ಚಿಸಿ, ರಾತ್ರಿ ಸಿಂಕಿನಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ವಾಶಿ ಮಾರುಕಟ್ಟೆಯಿಂದ ಬರುವ ಈರುಳ್ಳಿ ಚೀಲ, ರಟ್ಟಿನ ಪೆಟ್ಟಿಗೆಗಳನ್ನು ಹೊರಗೇ ಖಾಲಿ ಮಾಡಿಸಿ. ಮೊಟ್ಟೆಚೀಲ ಹೊತ್ತ ಒಂದು ಹೆಣ್ಣು ಅದರಲ್ಲಿ ಬಂದರೆ 30-40 ಮರಿಗಳ ಸಂಸಾರವೇ ಬಂದ ಹಾಗೆ. ಆ ಮರಿಗಳ ಗುಣವೆಲ್ಲ ಆ ಒಂದು ಹೆಣ್ಣಿನಿಂದ ಮತ್ತು ಅದು ಕೂಡಿದ ಗಂಡಿನಿಂದ ಬಂದದ್ದು, ಅದು ಯಾವ ಆಯ್ಕೆಯೂ ಅಲ್ಲ, ಯಾವ ಚೀಲ ಎಲ್ಲಿಗೆ ಹೋಯಿತು ಎಂಬ ಅದೃಷ್ಟ. ಬೇಸಿಗೆಯಲ್ಲಿ ಅವುಗಳ ಒಂದು ತಲೆಮಾರಿಗೆ ಎರಡು ಮೂರು ತಿಂಗಳು ಸಾಕು. ಎರಡು ವರ್ಷದಲ್ಲಿ ಎಂಟು ತಲೆಮಾರು, ನಮ್ಮ ಲೆಕ್ಕದಲ್ಲಿ ಇನ್ನೂರು ವರ್ಷ. ಜೆಲ್ ಕೊನೆಗೆ ಇರಲಿ, ಹೀಗೆ ಸಂಖ್ಯೆ ಇಳಿಸಿದ ಮೇಲೆ. ಕಡಿಮೆ ಜಿರಳೆಗಳಿದ್ದಷ್ಟೂ ಅವುಗಳಲ್ಲಿ ಕಹಿನಾಲಿಗೆಯದೊಂದು ಇರುವ ಸಾಧ್ಯತೆ ಕಡಿಮೆ.

ಈಗ ಆ ಹುಡುಗ. ಕ್ಷಯದ ಬ್ಯಾಕ್ಟೀರಿಯಾಗಳು ಅವನ ಪುಪ್ಪುಸದಲ್ಲಿ ಕೋಟಿಗಟ್ಟಲೆ ಇದ್ದವು. ಐಸೊನಿಯಾಜಿಡ್ ಎಂಬ ಔಷಧಿಗೆ ಬಗ್ಗದ್ದು ಅವುಗಳಲ್ಲಿ ಸುಮಾರು ಹತ್ತು ಲಕ್ಷಕ್ಕೆ ಒಂದು, ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು ಹತ್ತು ಕೋಟಿಗೆ ಒಂದು ಆಕಸ್ಮಿಕವಾಗಿ ಹುಟ್ಟುತ್ತದೆ. ಎರಡಕ್ಕೂ ಬಗ್ಗದ್ದು ಒಮ್ಮೆಲೇ ಹುಟ್ಟಬೇಕಾದರೆ ಎರಡನ್ನೂ ಗುಣಿಸಬೇಕು, ಕೋಟಿ ಕೋಟಿಗೆ ಒಂದು. ಒಂದು ದೇಹದಲ್ಲಿ ಅಷ್ಟು ಬ್ಯಾಕ್ಟೀರಿಯಾಗಳೇ ಇರುವುದಿಲ್ಲ. ಅದಕ್ಕಾಗಿಯೇ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ ಒಟ್ಟಿಗೆ ಕೊಡುತ್ತಾರೆ. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದ, 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ರೋಗಿಗಳು ಮೊದಲು ಚೇತರಿಸಿಕೊಂಡರು, ಕೆಲವೇ ತಿಂಗಳಲ್ಲಿ ಅನೇಕರ ಬ್ಯಾಕ್ಟೀರಿಯಾ ಆ ಔಷಧಿಯನ್ನು ಮೀರಿತು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದರೆ ಸುಲಭವಾಗಿ ಸಾಯುವವು ಸತ್ತಿವೆ ಎಂದರ್ಥ. ನಿಮ್ಮ ಅಡುಗೆಮನೆ ಮೊದಲ ವಾರ ಖಾಲಿ ಕಂಡ ಹಾಗೆ. ಒಳಗೆ ಉಳಿದಿರಬಹುದಾದ ಕೊನೆಯವುಗಳಿಗೆ ಈಗ ತಡೆಯಿಲ್ಲ.

ಉಳಿದ ಮಾತ್ರೆಗಳನ್ನು ಅವನಾಗಿ ಮತ್ತೆ ಶುರುಮಾಡುವುದು ಬೇಡ. ಹಾಳೆಗಳನ್ನೂ ಚೀಟಿಯನ್ನೂ ತೆಗೆದುಕೊಂಡು ಹೋಗಿ ಯಾವ ದಿನ ಬಿಟ್ಟೆ ಎಂಬುದನ್ನು ಮುಚ್ಚಿಡದೆ ಹೇಳಲಿ, ಕಫ ಪರೀಕ್ಷಿಸಿ ಮುಂದೇನೆಂದು ಅಲ್ಲಿಯ ವೈದ್ಯರು ತೀರ್ಮಾನಿಸುತ್ತಾರೆ. ಸರ್ಕಾರಿ ಕೇಂದ್ರದಲ್ಲಿ ಪರೀಕ್ಷೆಗೂ ಮಾತ್ರೆಗೂ ದುಡ್ಡಿಲ್ಲ. ರಾತ್ರಿ ಅವನ ಜೊತೆ ಒಂದೇ ಕೋಣೆಯಲ್ಲಿ ಮಲಗುವ ಹುಡುಗರನ್ನೂ ಒಮ್ಮೆ ಪರೀಕ್ಷೆಗೆ ಕಳುಹಿಸಿ. ಮಾತ್ರೆಗೆಂದು ರಜೆ ಕೇಳಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆಯಿಂದಲೇ ಹುಡುಗರು ‘ಮೈ ಚೆನ್ನಾಗಿದೆ’ ಎನ್ನುವುದನ್ನು ಈ ಊರಿನ ಹೋಟೆಲುಗಳಲ್ಲಿ ಬಹಳ ಸಲ ಕೇಳಿದ್ದೇನೆ. ಕೆಲಸ ಎಲ್ಲಿಯೂ ಹೋಗುವುದಿಲ್ಲ ಎಂದು ಅವನಿಗೆ ನೀವೇ ಬಾಯಿಬಿಟ್ಟು ಹೇಳಿ.